ಮೂರು ಸೀರೆಯ ಹಾಸು

ಶಿವರಾತ್ರಿ ಮುಗಿದ ಮೂರನೆಯ ದಿನ ಮಂಜವ್ವ ತನ್ನ ತಗಡಿನ ಟ್ರಂಕನ್ನು ಪಡಸಾಲೆಯ ನಡುವೆ ತಂದು ಬೋರಲು ಹಾಕಿದಳು. ಯುಗಾದಿಗೆ ಮೊದಲು ಗದಗಿನ ಆ ಓಣಿಯ ಹೆಂಗಸರೆಲ್ಲ ಮಾಡುವ ಕೆಲಸವೇ ಅದು. ಇನ್ನೂ ಉಡಬಹುದಾದ ಸೀರೆ ಒಂದು ಕಡೆ, ಹರಿದು ಕೌದಿ ಹೊಲಿಯುವ ಸೀರೆ ಇನ್ನೊಂದು ಕಡೆ. ಈ ಸಲ ಕೌದಿಯ ಗುಡ್ಡೆಯೇ ದೊಡ್ಡದಾಯಿತು. ತನ್ನ ಮದುವೆಯ ಸೀರೆಯನ್ನೂ ಅವಳು ಅದರ ಮೇಲೆ ಎಸೆದಳು. ಕಂಟ್ರೋಲ್ ಕಾಲದಲ್ಲಿ, ಬಟ್ಟೆಗೂ ಕಾರ್ಡು ತೋರಿಸಬೇಕಾಗಿದ್ದ ದಿನಗಳಲ್ಲಿ, ಅವಳ ಅಪ್ಪ ಕುರ್ತಕೋಟಿಯಿಂದ ಮೂರು ಸಲ ಎಡತಾಕಿ ತಂದ ಸೀರೆ. ಉಟ್ಟರೆ ಗೋಣಿತಟ್ಟು ಸುತ್ತಿಕೊಂಡಂತೆ ಮೈಯೆಲ್ಲ ತುರಿಕೆ.

ಮೂಲೆಯಲ್ಲಿ ಕುಳಿತು ಅಡಿಕೆ ಕುಟ್ಟುತ್ತಿದ್ದ ಅತ್ತೆ ತಿಪ್ಪವ್ವ ಕೈ ನಿಲ್ಲಿಸಿದಳು. “ಲಗ್ನದ ಸೀರಿ ಯಾರರ ಕೌದಿಗೆ ಹಾಕ್ತಾರೇನವಾ?”

“ಮುಂಬೈ ರಾಜ್ಯಾನ ಹೋತು, ಈ ಸೀರಿ ಯಾವ ಲೆಕ್ಕ ಬಿಡ್ರಿ ಅತ್ತಿ,” ಎಂದಳು ಮಂಜವ್ವ.

ಅದು ರಾಜ್ಯ ಒಂದಾದ ಮೇಲಿನ ಮೊದಲನೆಯ ಯುಗಾದಿ. ಎಲ್ಲರ ಬಾಯಲ್ಲೂ ಹೊಸದು, ಹೊಸದು ಎನ್ನುವ ಮಾತೇ. ಮಂಜವ್ವನೂ ಹೊಸ ವರ್ಷಕ್ಕೆ ಮೂರು ಮಾತು ಗಟ್ಟಿ ಮಾಡಿಕೊಂಡಳು. ಬರೆದಿಡಲು ಅವಳಿಗೆ ಅಕ್ಷರ ಬಾರದು. ಉಟ್ಟ ಸೀರೆಯ ಸೆರಗಿನ ತುದಿಗೆ ಮೂರು ಗಂಟು ಹಾಕಿದಳು. ಮೊದಲನೆಯದು, ಊರಲ್ಲಿ ಯಾರ ಮೈಮೇಲೂ ಇಲ್ಲದಂಥ ಒಂದು ಸೀರೆ. ಎರಡನೆಯದು, ಅದಕ್ಕೆ ಒಪ್ಪುವ ಗುಳೇದಗುಡ್ಡದ ಖಣದ ಕುಪ್ಪಸ. ಮೂರನೆಯದು, ಇನ್ನು ಮೇಲೆ ಎದುರುಮನೆಯ ಕರಿಯವ್ವನ ಕಡೆ ಕಣ್ಣೆತ್ತಿ ನೋಡಬಾರದು.

ಮೂರನೆಯ ಗಂಟು ಅವತ್ತು ಸಂಜೆಯೇ ಸಡಿಲಾಯಿತು. ಕರಿಯವ್ವ ನೀರಿಗೆ ಹೊರಟಿದ್ದಳು, ಮಂಜವ್ವ ಕಿಟಕಿಯ ಸಂದಿಯಲ್ಲಿ ನಿಂತು ನೋಡಿಯೇ ನೋಡಿದಳು.

ಹೆಸರಿಗೆ ಕರಿಯವ್ವ; ಮೈಬಣ್ಣ ಮಾತ್ರ ಗೋಧಿಯದು. ಶಿರಹಟ್ಟಿಯ ಹೆಣ್ಣು, ಎಂಟು ವರ್ಷದ ಹಿಂದೆ ಎದುರುಮನೆಗೆ ಸೊಸೆಯಾಗಿ ಬಂದವಳು. ಶಿರಹಟ್ಟಿ ಮೊದಲು ಸಾಂಗ್ಲಿ ಸಂಸ್ಥಾನಕ್ಕೆ ಸೇರಿತ್ತು. ಸಂಸ್ಥಾನ ಹೋಗಿ ಒಂಬತ್ತು ವರ್ಷವಾಗಿದ್ದರೂ ಕರಿಯವ್ವನ ಬಾಯಲ್ಲಿ ಅದಿನ್ನೂ ಹೋಗಿರಲಿಲ್ಲ. “ನಮ್ಮ ಸಂಸ್ಥಾನದಾಗ ಹಿಂಗ ಉಡ್ತಿದ್ರು, ಹಂಗ ಉಡ್ತಿದ್ರು” ಎಂದು ಅವಳು ಶುರು ಮಾಡಿದರೆ ಓಣಿಯ ಹೆಂಗಸರು ಕೈಯಲ್ಲಿನ ಕೆಲಸ ಬಿಟ್ಟು ಕೇಳುತ್ತಿದ್ದರು. ಅವಳು ಸೆರಗನ್ನು ಅರ್ಧ ತಲೆಯವರೆಗೆ ಹೊದ್ದು ತುರುಬಿನ ಹೂವು ಕಾಣಿಸಿದರೆ ವಾರದೊಳಗೆ ಓಣಿಯ ತುರುಬುಗಳೆಲ್ಲ ಕಾಣತೊಡಗುತ್ತಿದ್ದವು. ಮಂಜವ್ವನೂ ಬಾಗಿಲು ಹಾಕಿಕೊಂಡು ಹಾಗೆ ಹೊದ್ದು ನೋಡಿದ್ದಳು. ಕರಿಯವ್ವನ ತಲೆಯ ಮೇಲೆ ತಾನಾಗಿ ನಿಲ್ಲುವ ಸೆರಗು ಇವಳ ತಲೆಯಿಂದ ಜಾರಿ ಜಾರಿ ಬೀಳುತ್ತಿತ್ತು. ಸೆರಗಿಗೂ ಆಕೆಯ ಮೇಲೆಯೇ ಪ್ರೀತಿ ಎಂದು ಇವಳು ಕರುಬುತ್ತಿದ್ದಳು.

ಇಷ್ಟಕ್ಕೇ ನಿಂತಿದ್ದರೆ ಹೇಗೋ ನುಂಗಿಕೊಳ್ಳುತ್ತಿದ್ದಳು. ಆದರೆ ರಾಜ್ಯ ಒಂದಾದ ದಿನ ಒಂದು ಮಾತು ನಡೆದುಹೋಯಿತು. ಊರಲ್ಲಿ ಮೆರವಣಿಗೆ. ಹೆಂಗಸರು, ಮಕ್ಕಳು ಎಲ್ಲ ಹೊರಟಿದ್ದರು. ಮಂಜವ್ವನ ಗಂಡ ಚನ್ನಬಸವಣ್ಣ ಹತ್ತಿ ಫ್ಯಾಕ್ಟರಿಯಲ್ಲಿ ತೂಕ ಮಾಡುವವನು. ಮನೆಯಲ್ಲಿ ಮಾತನ್ನೂ ತೂಗಿಯೇ ಕೊಡುವವನು. ಹತ್ತು ವರ್ಷದ ಸಂಸಾರದಲ್ಲಿ ಹೆಂಡತಿ ಉಟ್ಟದ್ದು ತೊಟ್ಟದ್ದು ಅವನ ಬಾಯಿಗೆ ಬಂದದ್ದೇ ಇಲ್ಲ. ಅವತ್ತು ಬಂತು. ಹೊಸ್ತಿಲಲ್ಲಿ ನಿಂತು, ಅವಸರದಲ್ಲಿ ಸುತ್ತಿಕೊಂಡಿದ್ದ ಅವಳ ಸೀರೆ ನೋಡಿ, “ಎದುರಮನಿ ಕರಿಯವ್ವ ಉಟ್ಟಾಳಲ್ಲ, ಹಂಗರ ಉಡಬಾರದನು?” ಎಂದ.

ಅವನೇನೋ ಆ ಮಾತು ಅಂದು ಮರೆತ. ನಾಡೆಲ್ಲ ಒಂದಾಯಿತೆಂದು ಊರು ಕುಣಿಯುತ್ತಿತ್ತು, ಮಂಜವ್ವನ ಜೀವ ಮಾತ್ರ ಅವತ್ತಿನಿಂದ ಎರಡು ಹೋಳಾಯಿತು. ಒಂದು ಹೋಳು ಮನೆಯ ಕೆಲಸ ಮಾಡುತ್ತಿತ್ತು, ಇನ್ನೊಂದು ಎದುರುಮನೆಯ ಬಾಗಿಲು ಕಾಯುತ್ತಿತ್ತು. ಅವಳಿಗೆ ಬೇಕಾದದ್ದು ನಿಜವಾಗಿ ಸೀರೆಯಲ್ಲ. ಅದೇ ಬಾಯಿಂದ ಒಂದೇ ಒಂದು ಸಲ, ‘ಛಲೋ ಕಾಣಿಸ್ತೀ’ ಎನ್ನುವ ಮಾತು. ಅದಕ್ಕಾಗಿ ಅವಳು ಬೆಣ್ಣೆ ಮಾರಿ ಕೂಡಿಟ್ಟದ್ದನ್ನೆಲ್ಲ ಸೊಂಟಕ್ಕೆ ಸಿಕ್ಕಿಸಿಕೊಂಡು ಬೆಟಗೇರಿಗೆ ನಡೆದಳು.

ಬೆಟಗೇರಿಯಲ್ಲಿ ನೇಕಾರ ಕುತುಬುದ್ದೀನ ಮಗ್ಗದ ಕುಣಿಯಲ್ಲಿ ಕಾಲಿಳಿಬಿಟ್ಟು ಕುಳಿತಿದ್ದ. ಅವನ ಹೆಂಡತಿ ಜನ್ನತಬಿ ಸೆರಗಿನ ಕೆಂಪು ರೇಷ್ಮೆಯ ಎಳೆಗಳನ್ನು ಸೀರೆಯ ಮೈಯ ಎಳೆಗಳಿಗೆ ಒಂದೊಂದಾಗಿ ಕೊಂಡಿ ಹಾಕಿ ಕೂಡಿಸುತ್ತಿದ್ದಳು.

“ಕುತುಬಣ್ಣ, ನನಗೊಂದು ಸೀರಿ ನೇದು ಕೊಡು. ಮೈ ನವಿಲಗೊರಳಿನ ಬಣ್ಣದ್ದಿರಲಿ, ದಡಿ ನಾಕು ಬೆರಳು ಅಗಲ. ಅಂಥಾದ್ದು ಗದಗ-ಬೆಟಗೇರಿಯೊಳಗ ಇನ್ನೊಬ್ಬಾಕಿ ಮೈಮ್ಯಾಲ ಕಾಣಬಾರದು ನೋಡು.”

ಕುತುಬುದ್ದೀನ ನಕ್ಕ. “ಕಾಣದಂಗ ಹೆಂಗ ಮಾಡೂದು ತಂಗಿ? ಉದ್ದೆಳಿ ಹಾಸು ಒಮ್ಮಿ ಮಗ್ಗಕ್ಕ ಹಾಕಿದ್ರ ಮೂರು ಸೀರಿ ಇಳೀತಾವ. ಒಂದ ಸೀರಿಗೆ ಅಂತ ಯಾರೂ ಹಾಸು ಹಾಕೂದಿಲ್ಲ. ಮೂರೂ ಒಂದ ನಮೂನಿ.”

“ಮೂರೂ ನೀನಽ ಒಯ್ದುಬಿಡು, ಜಗಳಾನ ಇಲ್ಲ,” ಎಂದಳು ಜನ್ನತಬಿ ತಲೆ ಎತ್ತದೆ.

ಒಯ್ಯುವಷ್ಟು ಬೆಣ್ಣೆ ಯಾವ ಎಮ್ಮೆಯೂ ಕೊಟ್ಟಿರಲಿಲ್ಲ. ಮಂಜವ್ವ ಕಂಬಕ್ಕೆ ಒರಗಿದಳು. ಆಮೇಲೆ ಕೇಳಿದಳು: “ಶಿರಹಟ್ಟಿ ಕರಿಯವ್ವ ಇಲ್ಲಿಗೆ ಬಂದಿದ್ಲೇನು?”

“ಆಕಿ ಯಾಕ ಬರ್ತಾಳ? ಆಕಿಗೆ ವರ್ಷಾ ತವರಮನಿಯಿಂದ ಸೀರಿ ಬರ್ತಾವಂತ,” ಎಂದಳು ಜನ್ನತಬಿ.

ಅದೂ ಒಂದು ಕಿಚ್ಚು. ಮಂಜವ್ವನ ತವರಲ್ಲಿ ಅಪ್ಪ ತೀರಿದ ಮೇಲೆ ಯುಗಾದಿಗೆ ಸೀರೆ ಕಳಿಸುವ ಕೈಯೇ ಇರಲಿಲ್ಲ. ಅವಳಿಗೆ ಕೇಳಿಸಿದ್ದು ಆ ಕಿಚ್ಚು ಮಾತ್ರ; ಆ ಸೀರೆಗಳನ್ನು ಯಾವ ಸಂತೆಯಲ್ಲಿ ಕೊಳ್ಳುತ್ತಾರೆ, ಯಾವ ದಾರಿಯಲ್ಲಿ ಬರುತ್ತವೆ ಎನ್ನುವುದು ಅವಳ ತಲೆಗೆ ಹೋಗಲಿಲ್ಲ. ಹೊಟ್ಟೆಕಿಚ್ಚಿನಲ್ಲಿದ್ದವರಿಗೆ ಕಿವಿ ಅರ್ಧವೇ ಕೇಳಿಸುತ್ತದೆ.

“ಹಂಗಾದ್ರ ಹಿಂಗ ಮಾಡು. ಒಂದು ನನಗ ಕೊಡು. ಉಳಿದೆರಡು ದೂರ ಕಳಸು. ಒಂದು ಮುಂಡರಗಿಗೆ ಹೋಗಲಿ, ಇನ್ನೊಂದು ಲಕ್ಷ್ಮೇಶ್ವರದ ಸಂತಿಗೆ ಹೋಗಲಿ. ಇಲ್ಲಿ ಅಂಗಡಿಯಾಗ ಮಾತ್ರ ತೂಗ ಹಾಕಬ್ಯಾಡ. ಮಗ್ಗ ಮುಟ್ಟಿ ಹೇಳು.”

ಕುತುಬುದ್ದೀನ ಮಗ್ಗ ಮುಟ್ಟಿದ. “ಆತವಾ. ಲಕ್ಷ್ಮೇಶ್ವರಕ್ಕ ಮಾಶಾಕ ಅನ್ನಾಂವ ಸೀರಿ ಗಂಟು ಒಯ್ತಾನ, ಅಂವನ ಕೈಯಾಗ ಕೊಡ್ತೀನಿ. ಈ ಊರಾಗ ಬಿಚ್ಚೂದಿಲ್ಲ.”

ಹೇಳಿದ ಮಾತಿಗೆ ಅವನು ಒಂದಿಷ್ಟೂ ತಪ್ಪಲಿಲ್ಲ. ಯುಗಾದಿಗೆ ನಾಲ್ಕು ದಿನ ಮೊದಲು ಸೀರೆ ಕೈಗೆ ಬಂತು. ಒಂದು ಮಗ್ಗುಲಿಂದ ನೋಡಿದರೆ ಹಸಿರು, ಇನ್ನೊಂದು ಮಗ್ಗುಲಿಂದ ನೀಲಿ, ಕೆಂಪು ಸೆರಗಿನಲ್ಲಿ ಬಿಳಿಯ ತೆನೆಯ ಚಿತ್ತಾರ. ಖಣದ ಕುಪ್ಪಸವನ್ನು ಹೊಲಿಗೆ ಕೆಲಸದ ಶಮಶಾದಬಿ ಹೊಲಿದುಕೊಟ್ಟಳು. ಸೆರಗಿನ ಎರಡು ಗಂಟು ಬಿಚ್ಚಿದವು. ಮಂಜವ್ವ ಟ್ರಂಕಿನ ಮುಚ್ಚಳವನ್ನು ದಿನಕ್ಕೆ ಹತ್ತು ಸಲ ಎತ್ತಿ ನೋಡುತ್ತಿದ್ದಳು.

ಯುಗಾದಿಯ ದಿನ ಎಣ್ಣೆನೀರು ಎರೆದುಕೊಂಡು ಅವಳು ಆ ಸೀರೆ ಉಟ್ಟು ಬಂದು ಗಂಡನ ಮುಂದೆ ನಿಂತಳು. ಚನ್ನಬಸವಣ್ಣ ತಲೆಯಿಂದ ಕಾಲಿನವರೆಗೆ ನೋಡಿದ. ಬಾಯಿ ತೆರೆದ. ಪಕ್ಕದಲ್ಲಿ ಕುಳಿತಿದ್ದ ತನ್ನ ಅವ್ವನ ಕಡೆ ನೋಡಿದ. ಆಮೇಲೆ, “ಬೇವು ಎಲ್ಲೈತಿ?” ಎಂದ.

ಮಂಜವ್ವ ಬೇವಿನ ಬಟ್ಟಲನ್ನು ಅವನ ಮುಂದೆ ಕುಕ್ಕಿದಳು. ಬೆಲ್ಲ ಹಾಕುವುದನ್ನು ಬೇಕೆಂದೇ ಮರೆತಳು.

ಆದರೂ ಅವಳು ಆಸೆ ಬಿಡಲಿಲ್ಲ. ಮರುದಿನ ಸಂಜೆ ಚಂದ್ರ ನೋಡುವುದಿತ್ತು. ಯುಗಾದಿಯ ಎಳೆಚಂದ್ರ ಆ ಓಣಿಯಲ್ಲಿ ಚೆನ್ನಾಗಿ ಕಾಣುವುದು ಮಂಜವ್ವನ ಮನೆಯ ಕಟ್ಟೆಯ ಮೇಲಿಂದಲೇ. ವರ್ಷವೂ ಹೆಂಗಸರು ಅಲ್ಲಿಗೇ ಬರುತ್ತಿದ್ದರು. ಎಲ್ಲರೂ ನೋಡಿ ಹೊಗಳಿದರೆ ಗಂಡನ ಬಾಯೂ ಸಡಿಲಾದೀತು ಎಂದು ಮತ್ತೆ ಅದೇ ಸೀರೆ ಉಟ್ಟಳು. ಹೊತ್ತು ಮುಳುಗಿತು. ಹಿತ್ತಲಲ್ಲಿ ಬಿಚ್ಚಿಕೊಂಡಿದ್ದ ಎಮ್ಮೆಯನ್ನು ಮತ್ತೆ ಕಟ್ಟಿ, ಕೈಕಾಲು ತೊಳೆದು, ಮನೆಯ ಮಗ್ಗುಲಿನ ಸಂದಿಯಿಂದ ಮುಂದಕ್ಕೆ ಬಂದಳು. ಬಂದವಳು ಹಾಗೆಯೇ ನಿಂತಳು.

ಅವಳ ಕಟ್ಟೆಯ ಮೇಲೆ ಅವಳೇ ನಿಂತಿದ್ದಳು.

ಅದೇ ನವಿಲುಗೊರಳ ಬಣ್ಣ, ಅದೇ ನಾಲ್ಕು ಬೆರಳು ದಡಿ, ತಲೆಯ ಮೇಲೆ ಅದೇ ಕೆಂಪು ಸೆರಗು. ಸೆರಗು ಮಾತ್ರ ಅರ್ಧ ತಲೆಯ ಮೇಲೆ ಅಲ್ಲಾಡದೆ ನಿಂತಿತ್ತು. ಅದರಿಂದಲೇ ಗೊತ್ತಾಯಿತು, ಕರಿಯವ್ವ. ನಿನ್ನೆ ಸಂಜೆ ಬಸ್ಸಿಗೆ ಶಿರಹಟ್ಟಿಯಿಂದ ಅವಳ ಅಣ್ಣ ಬಂದಿದ್ದ, ಕಂಕುಳಲ್ಲಿ ಒಂದು ಗಂಟಿತ್ತು. ಶಿರಹಟ್ಟಿಯವರು ಸೀರೆ ಕೊಳ್ಳುವುದು ಲಕ್ಷ್ಮೇಶ್ವರದ ಸಂತೆಯಲ್ಲಿ. ಎಲ್ಲ ಒಂದೇ ಗಳಿಗೆಯಲ್ಲಿ ಮಂಜವ್ವನ ತಲೆಯಲ್ಲಿ ಕೂಡಿಕೊಂಡಿತು. ದೂರ ಕಳಿಸು, ದೂರ ಕಳಿಸು ಎಂದು ಬಾಯಿ ಬಡಿದುಕೊಂಡು, ಮಗ್ಗ ಮುಟ್ಟಿಸಿ, ತಾನೇ ಕೈಯಾರೆ ಆ ಸೀರೆಯನ್ನು ಕರಿಯವ್ವನ ಮೈಗೆ ಮುಟ್ಟಿಸಿದ್ದಳು. ಬೆಟಗೇರಿಯ ಅಂಗಡಿಯಲ್ಲೇ ತೂಗು ಹಾಕಿದ್ದರೆ ಎದುರುಮನೆಗೆ ಬರುತ್ತಲೇ ಇರಲಿಲ್ಲ.

ಅವಳಿಗೆ ಅಳು ಬರಲಿಲ್ಲ, ಸಿಟ್ಟು ಬಂತು. ಆ ಸೆರಗು ಹಿಡಿದು ಎಳೆದುಬಿಡಲೇ ಎನಿಸಿತು. ಒಂದು ಹೆಜ್ಜೆ ಮುಂದಿಟ್ಟಳು. ಅಷ್ಟರಲ್ಲಿ ಮುಂಬಾಗಿಲಿನಿಂದ ಚನ್ನಬಸವಣ್ಣ ಹೊರಗೆ ಬಂದ.

ಮಬ್ಬುಗತ್ತಲು. ಕಟ್ಟೆಯ ಮೇಲೆ ಇನ್ನಾರೂ ಬಂದಿರಲಿಲ್ಲ. ಪಡುವಣಕ್ಕೆ ಮುಖ ಮಾಡಿ ನಿಂತ ಆ ಸೀರೆಯನ್ನು ಅವನು ಹಿಂದಿನಿಂದ ನೋಡಿದ. ಅತ್ತ ಇತ್ತ ಕಣ್ಣಾಡಿಸಿದ, ಅವ್ವ ಹೊರಗಿಲ್ಲವೆಂದು ಖಾತ್ರಿ ಮಾಡಿಕೊಂಡ. ಎದುರಿಗೆ ನಿಂತು ಹತ್ತು ವರ್ಷ ಹೇಳಲಾಗದ ಗಂಡಸಿಗೆ ಬೆನ್ನು ಕಂಡು ಧೈರ್ಯ ಬಂತು.

“ಭಾಳ ಛಲೋ ಕಾಣಿಸ್ತೀ ನೋಡು,” ಎಂದ ಮೆಲ್ಲಗೆ. “ನಿನ್ನೀನ ಹೇಳಬೇಕಂತಿದ್ದೆ, ಅವ್ವ ಅಲ್ಲೇ ಕುಂತಿದ್ಲು. ಈ ಬಣ್ಣ ನಿನಗಂತನಽ ಮಾಡಿದಂಗೈತಿ. ನಾ ಅವತ್ತು ಏನೋ ಅಂದೆ, ಮನಸಿಗೆ ಹಚ್ಚಿಕೋಬ್ಯಾಡ. ಆಕಿಗಿಂತ ನೀನಽ ಛಂದ.”

ಕರಿಯವ್ವ ತಿರುಗಿದಳು. “ಅಣ್ಣಾರ, ನಾನ್ರಿ. ಕರಿಯವ್ವ.”

ಚನ್ನಬಸವಣ್ಣ ಹೇಗೆ ಒಳಗೆ ಹೋದನೆಂದು ಅವನಿಗೇ ತಿಳಿಯಲಿಲ್ಲ. ಒಂದು ಚಪ್ಪಲಿ ಕಟ್ಟೆಯ ಮೇಲೆಯೇ ಉಳಿಯಿತು.

ಸಂದಿಯಲ್ಲಿ ನಿಂತ ಮಂಜವ್ವ ಪ್ರತಿಯೊಂದು ಮಾತನ್ನೂ ಕೇಳಿದ್ದಳು. ಅವಳು ಕಟ್ಟೆ ಹತ್ತಿ ಕರಿಯವ್ವನ ಮುಂದೆ ಹೋಗಿ ನಿಂತಳು. ಇಬ್ಬರೂ ಒಬ್ಬರ ಸೀರೆಯನ್ನು ಒಬ್ಬರು ನೋಡಿದರು. ಕರಿಯವ್ವನಿಗೆ ಮೊದಲು ನಗು ಬಂತು, ಸೆರಗು ಬಾಯಿಗೆ ಒತ್ತಿಕೊಂಡಳು. ಆಮೇಲೆ ನಗು ಎಲ್ಲೋ ಹೋಯಿತು.

“ನಿಮ್ಮನಿಯವರು ದಿನಾ ಹಿಂಗ ಅಂತಾರೇನವಾ ಮಂಜವ್ವ?”

ಮಂಜವ್ವ ಕ್ಷಣವೂ ತಡ ಮಾಡಲಿಲ್ಲ. “ಮತ್ತ! ದಿನಾ ಅಂತಾರ. ಕೇಳಿ ಕೇಳಿ ಸಾಕಾಗೇತಿ ನನಗ.”

ಕರಿಯವ್ವನ ಮುಖ ಇಳಿದುಹೋಯಿತು. “ನಮ್ಮವರು ಒಮ್ಮಿನೂ ಅಂದಿಲ್ಲ ನೋಡು. ನಾ ಉಡೂದನ್ನ ಓಣಿಯೆಲ್ಲ ನೋಡ್ತೈತಿ, ಅವರು ಮಾತ್ರ ನೋಡಂಗಿಲ್ಲ. ನೀ ಪುಣ್ಯವಂತಿ ಬಿಡು.” ಹೀಗೆಂದವಳು ಮಂಜವ್ವನ ಮೈಮೇಲಿನ ಸೀರೆಯನ್ನು ಮತ್ತೊಮ್ಮೆ ನೋಡಿದಳು. ಆ ನೋಟ ಮಂಜವ್ವನಿಗೆ ಚೆನ್ನಾಗಿ ಗೊತ್ತಿತ್ತು. ಕಿಟಕಿಯ ಸಂದಿಯಲ್ಲಿ ನಿಂತು ಎಂಟು ವರ್ಷ ಅವಳೇ ಹಾಗೆ ನೋಡಿದ್ದಳು. ಕರಿಯವ್ವ ಚಂದ್ರನನ್ನು ನೋಡುವುದನ್ನೂ ಬಿಟ್ಟು ಓಣಿ ದಾಟಿ ತನ್ನ ಮನೆಗೆ ಹೋದಳು. ಉಳಿದ ಹೆಂಗಸರು ಬರುವ ಹೊತ್ತಿಗೆ ಅವಳು ಹಳೆಯ ಸೀರೆ ಉಟ್ಟು ಬಾಗಿಲಲ್ಲಿ ನಿಂತಿದ್ದಳು.

ಗೆದ್ದದ್ದು ಯಾರು ಎಂದು ಕೇಳಿದರೆ ಮಂಜವ್ವನೇ. ಆ ಬಣ್ಣ ಈಗ ಓಣಿಯಲ್ಲಿ ಅವಳೊಬ್ಬಳ ಮೈಮೇಲೆ ಇತ್ತು. ಕರಿಯವ್ವ ಅವಳನ್ನು ಕಂಡು ಕರುಬಿದ್ದಳು. ಹೆಂಗಸರು ಸೆರಗು ಮುಟ್ಟಿ ಮುಟ್ಟಿ ಹೊಗಳಿದರು. ಮಂಜವ್ವನ ಕಿವಿ ಯಾವುದನ್ನೂ ಹಿಡಿಯಲಿಲ್ಲ. ಅವರನ್ನು ಕಟ್ಟೆಯ ಮೇಲೆಯೇ ಬಿಟ್ಟು ಒಳಗೆ ಹೋದಳು.

ಚನ್ನಬಸವಣ್ಣ ಅಡುಗೆಮನೆಯ ಗೋಡೆಗೆ ಒರಗಿ, ನೆಲ ನೋಡುತ್ತ ಕುಳಿತಿದ್ದ. ಅವಳು ಅವನ ಎದುರಿಗೆ ಬಂದು, ದೀಪದ ಬೆಳಕು ಮೈಮೇಲೆ ಬೀಳುವಂತೆ ನಿಂತಳು.

“ಏನ್ರಿ, ಈಗ ಹೇಳ್ರಿ.”

“ಏನು ಹೇಳೂದು?”

“ಹೊರಗ ಹೇಳಿದ್ರಲ್ಲ, ಅದನ್ನ. ನನ್ನ ನೋಡಿ ಹೇಳ್ರಿ.”

ಅವನು ತಲೆ ಎತ್ತಿದ. ಅವಳ ಮುಖ ನೋಡಿದ. ಕಿವಿಯವರೆಗೂ ಕೆಂಪಾಗಿ ಮತ್ತೆ ನೆಲ ನೋಡಿದ.

“ಆಗಲೇ ಅಂದೆನಲ್ಲ,” ಎಂದ. “ಒಂದ ಮಾತು ಎಷ್ಟು ಸಲ ಅನ್ನೂದು?”

ಅಂದದ್ದು ಖರೆ. ತನ್ನನ್ನೇ ಕುರಿತು ಅಂದದ್ದೂ ಖರೆ. ಹತ್ತು ವರ್ಷ ಕಾದ ಆ ಮಾತನ್ನು ಮಾತ್ರ ಕರಿಯವ್ವ ತನ್ನ ಕಿವಿಯಲ್ಲಿ ಹಾಕಿಕೊಂಡು ಎದುರುಮನೆಗೆ ಒಯ್ದಿದ್ದಳು. ಮಂಜವ್ವ ಪಡಸಾಲೆಯ ಕಿಟಕಿಗೆ ಹೋಗಿ ನಿಂತು, ಎದುರಿನ ಬಾಗಿಲನ್ನೇ ನೋಡತೊಡಗಿದಳು.