ಬೆನ್ನಿನ ಜಿಪ್ಪು

ಬಲತೋಳು ಅಂಗಿಯೊಳಗೆ ಹೋಗಲೇ ಇಲ್ಲ. ಮಗಳು ಮೊದಲು ಮೆಲ್ಲಗೆ, ಆಮೇಲೆ ಸ್ವಲ್ಪ ಜೋರಾಗಿ ಎಳೆದಳು. ಸೆಟೆದುಕೊಂಡಿದ್ದ ಅಮ್ಮನ ಕೈ ಜಗ್ಗಲಿಲ್ಲ.

"ಅಂಗಿಯ ಬೆನ್ನಿಗೆ ಕತ್ತರಿ ಹಾಕು," ಎಂದಳು ಚಿಕ್ಕಮ್ಮ, ಅಮ್ಮನ ತಂಗಿ. "ಮಲಗಿಸಿದ ಮೇಲೆ ಯಾರಿಗೆ ಕಾಣುತ್ತೆ?"

ಐವತ್ತು ವರ್ಷ ಬಟ್ಟೆ ಹೊಲಿದವಳ ಕೊನೆಯ ಅಂಗಿಯನ್ನು, ಗುಂಡಿ ಹೊಲಿಯಲೂ ಬಾರದ ಮಗಳು ಉದ್ದಕ್ಕೆ ಕತ್ತರಿಸಿ ಎರಡು ಕಡೆಯಿಂದ ಮೈಗೆ ಸಿಕ್ಕಿಸಿದಳು.

ಶವದ ಗಾಡಿ ಹನ್ನೊಂದಕ್ಕೆ ಬರಬೇಕಿತ್ತು. ಹೊರಗಿನ ಕೋಣೆಯಲ್ಲಿ ಪಕ್ಕದ ಮನೆಯ ಮೇಷ್ಟ್ರು, ಬೀದಿಯ ಅರ್ಧ ಜನಕ್ಕೆ ಮಗ್ಗಿ ಕಲಿಸಿದವರು, ಬಂದವರಿಗೆಲ್ಲ ಸತ್ತವಳ ಪರಿಚಯ ಮಾಡಿಕೊಡುತ್ತಿದ್ದರು.

"ಟೀವಿ ಸ್ಟೇಷನ್ನಲ್ಲಿ ದರ್ಜಿ ಆಗಿದ್ಲು. ಬೇರೆ ಗ್ರಹದಿಂದ ರಾಕ್ಷಸ ಬರೋ ಧಾರಾವಾಹಿ ನೆನಪಿದೆಯಾ? ಅದರ ವೇಷ ಇವಳೇ ಹೊಲಿದಿದ್ದು."

"ಬೆನ್ನಲ್ಲಿ ಜಿಪ್ಪು ಕಂಡಿತ್ತಲ್ಲ, ಅದಾ?"

"ಅದೇ. ಈಗ ಫೋನಲ್ಲೂ ಬಂದಿದೆ. ಲಕ್ಷಗಟ್ಟಲೆ ಜನ ನೋಡಿದ್ದಾರೆ. ಒಬ್ಬ ಬರೆದಿದ್ದಾನೆ, 'ಭೂಮಿ ಗೆಲ್ಲೋಕೆ ಬಂದೋನು ದಿಂಬಿನ ಚೀಲ ಹಾಕ್ಕೊಂಡು ಬಂದಿದ್ದಾನೆ' ಅಂತ."

ಯಾರೋ ನಗುವನ್ನು ಕೆಮ್ಮಾಗಿಸಿದರು. ಒಳಗಿದ್ದ ಮಗಳಿಗೆ ಎಲ್ಲ ಕೇಳಿಸಿತು. ಬೀದಿಯ ಪಾಲಿಗೆ ಅಮ್ಮ ಕೊನೆತನಕ 'ಜಿಪ್ಪಮ್ಮ'ನೇ.

* * *

ಆಗ ಮಗಳಿಗೆ ಒಂಬತ್ತು ವರ್ಷ. ಆ ಗುರುವಾರ ಸಂಜೆ ಬೀದಿಗೆ ಬೀದಿಯೇ ಮೇಷ್ಟ್ರ ಮನೆಯಲ್ಲಿತ್ತು. ಟೀವಿ ಇದ್ದದ್ದು ಅವರೊಬ್ಬರಲ್ಲೇ. ಅವಳು ಎಲ್ಲರಿಗಿಂತ ಮುಂದೆ, ಅಮ್ಮನ ಮೊಣಕಾಲಿಗೆ ಒರಗಿ ಕೂತಿದ್ದಳು. "ನಮ್ಮಮ್ಮ ಹೊಲಿದಿದ್ದು" ಎಂದು ಶಾಲೆಯಲ್ಲೆಲ್ಲ ಡಂಗುರ ಸಾರಿಯಾಗಿತ್ತು.

ರಟ್ಟಿನ ಬಂಡೆಗಳ ಹಿಂದಿನಿಂದ ರಾಕ್ಷಸ ಎದ್ದು ನಿಂತ. ಮಳೆಕೋಟಿನ ರಬ್ಬರಿನ ಮೈ, ಗಾಜಿನ ಬಟ್ಟಲಿನಂಥ ಕಣ್ಣು. ಹೆಂಗಸರು ಬಾಯಿಗೆ ಕೈ ಅಡ್ಡ ಹಿಡಿದರು. ಹಿಂದೆ ಒಂದು ಕೂಸು ಹೆದರಿ ಅತ್ತಿತು. ಮಗಳಿಗೆ ನೆಲದ ಮೇಲೆ ಕಾಲು ನಿಲ್ಲದಷ್ಟು ಹಿಗ್ಗು.

ಅಷ್ಟರಲ್ಲಿ ರಾಕ್ಷಸ ಇತ್ತ ಬೆನ್ನು ಹಾಕಿ ತನ್ನ ನೌಕೆಯ ಮೆಟ್ಟಿಲು ಹತ್ತತೊಡಗಿದ. ಕತ್ತಿನಿಂದ ಸೊಂಟದ ತನಕ ಜಿಪ್ಪು ಥಳಥಳ ಹೊಳೆಯಿತು.

"ಪರವಾಗಿಲ್ಲ, ಮರ್ಯಾದಸ್ಥ," ಎಂದರು ಮೇಷ್ಟ್ರು. "ಜಿಪ್ಪು ಹಾಕ್ಕೊಂಡೇ ಬಂದಿದ್ದಾನೆ."

ಕೋಣೆಗೆ ಕೋಣೆಯೇ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಅಳುತ್ತಿದ್ದ ಕೂಸೂ ನಕ್ಕಿತು.

ಮಾರನೆಯ ದಿನ ಶಾಲೆಯಲ್ಲಿ ಮಕ್ಕಳು ಅವಳ ಬೆನ್ನಿನ ಮೇಲೆ ಬೆರಳು ಎಳೆದು 'ಸರ್‍ರ್' ಎಂದವು. ಮನೆಗೆ ಬಂದವಳೇ ಚೀಲ ಎಸೆದು ಕೇಳಿದಳು: "ಸರಿಯಾಗಿ ಹೊಲಿಯೋಕೆ ಬರದಿದ್ರೆ ಯಾಕೆ ಒಪ್ಕೊಂಡೆ?"

ಅಮ್ಮ ಹಲ್ಲಿನಿಂದ ನೂಲು ಕಡಿದಳು. "ಅವನು ಮೆಟ್ಟಿಲು ನೆಟ್ಟಗೆ ಹತ್ತಿದ ತಾನೇ?" ಎಂದಷ್ಟೇ ಅಂದಳು. ಮಾತು ಹಾರಿಸುತ್ತಿದ್ದಾಳೆ ಅನ್ನಿಸಿತು ಮಗಳಿಗೆ.

ತಿಂಗಳೊಳಗೆ ಸ್ಟೇಷನ್ನಿನವರು ಅಮ್ಮನನ್ನು ಕೆಲಸದಿಂದ ಬಿಡಿಸಿದರು. ಅಲ್ಲಿಂದಾಚೆಗೆ ಮನೆಯಲ್ಲೇ ದಿಂಬಿನ ಚೀಲ, ಕಿಟಕಿಯ ಪರದೆ. ಹೊಸ ಶಾಲೆಗೆ ಸೇರುವಾಗ, 'ತಾಯಿಯ ಉದ್ಯೋಗ' ಎಂಬಲ್ಲಿ ಮಗಳು 'ಇಲ್ಲ' ಎಂದು ಬರೆದಳು. ಆ ಕಾಗದಕ್ಕೆ ಸಹಿ ಹಾಕಿದವಳು ಅಮ್ಮನೇ.

* * *

ಹತ್ತೂವರೆಗೆ ಕೋಲೂರಿಕೊಂಡು ಒಬ್ಬ ಮುದುಕ ಬಂದ. ಪತ್ರಿಕೆಯಲ್ಲಿ ಸುದ್ದಿ ನೋಡಿದೆನೆಂದ. ಅಮ್ಮನ ಕಾಲ ಬಳಿ ಬಹಳ ಹೊತ್ತು ನಿಂತು, ಆಮೇಲೆ ಮಗಳನ್ನು ಹುಡುಕಿಕೊಂಡು ಅಡುಗೆಮನೆಗೆ ಬಂದ.

"ಆ ವೇಷದ ಒಳಗಿದ್ದೋನು ನಾನು."

"ನೀವೂ ನಗೋಕೆ ಬಂದ್ರಾ?"

ಮುದುಕ ಸ್ಟೂಲಿನ ಮೇಲೆ ಕುಸಿದ. "ಮೊದಲು ಅದಕ್ಕೆ ಜಿಪ್ಪೇ ಇರಲಿಲ್ಲಮ್ಮ. ನನ್ನನ್ನ ಒಳಗೆ ಹಾಕಿ ಬೆನ್ನು ಹೊಲಿದುಬಿಡಿ ಅಂತ ನಿರ್ದೇಶಕರ ಅಪ್ಪಣೆ. ತಾಲೀಮಿನ ದಿನ ದೀಪದ ಕಾವಿಗೆ ಉಸಿರು ಕಟ್ಟಿ ಬಿದ್ದೆ. ಕಿರುಚಿದ್ದು ಹೊರಗೆ ಕೇಳಿಸಲಿಲ್ಲ. ಚೆನ್ನಾಗಿ ಒದ್ದಾಡ್ತಿದ್ದಾನೆ ಅಂತ ಎಲ್ಲರೂ ನೋಡ್ತಾ ನಿಂತಿದ್ರು. ನಿಮ್ಮಮ್ಮ ಒಬ್ರೇ ಓಡಿ ಬಂದು ಬ್ಲೇಡಲ್ಲಿ ಕುಯ್ದು ತೆಗೆದ್ರು."

ಮಗಳು ಒಲೆಯ ಕಟ್ಟೆಗೆ ಕೈಯೂರಿದಳು.

"ಆಮೇಲೆ ಯಾರು ಬೇಡ ಅಂದ್ರೂ ಕೇಳದೆ ಜಿಪ್ಪು ಹಾಕಿದ್ರು. ಒಂದೇ ಎಳೆತಕ್ಕೆ ನಾನು ಹೊರಗೆ ಬರಲಿ ಅಂತ. 'ಬೆನ್ನು ಮಾತ್ರ ತಿರುಗಿಸಬೇಡಪ್ಪಾ' ಅಂದಿದ್ರು. ಹಿಂದಕ್ಕೆ ಹೆಜ್ಜೆ ಇಡ್ತಾ ಮೆಟ್ಟಿಲು ಹತ್ತಬೇಕಿತ್ತು. ಒಳಗೆ ಕಣ್ಣು ಕಾಣಿಸ್ತಿರಲಿಲ್ಲ. ಬಿದ್ದೇನು ಅಂತ ಹೆದರಿ ತಿರುಗಿಬಿಟ್ಟೆ. ಆ ದೃಶ್ಯ ಇನ್ನೊಂದು ಸಲ ತೆಗೆಯೋಕೆ ಹೊತ್ತಿರಲಿಲ್ಲ."

"ಅಮ್ಮ ಯಾಕೆ ಹೇಳಲಿಲ್ಲ?"

"ಹೇಳಿದ್ರೆ ನನ್ನ ಕೆಲಸ ಹೋಗ್ತಿತ್ತು. ಹೊಸದಾಗಿ ಮದುವೆ ಆಗಿತ್ತು ನಂಗೆ."

"ನೀವು? ನಲವತ್ತಾರು ವರ್ಷ ಸುಮ್ಮನಿದ್ರಾ?"

ಮುದುಕ ಕೋಲಿನ ತುದಿ ನೋಡುತ್ತ ಕೂತ. "ಊರೆಲ್ಲ ನಗ್ತಿತ್ತು. ಅದರೊಳಗಿದ್ದೋನು ನಾನು ಅಂತ ಹೆಂಡತಿಗೂ ಹೇಳಲಿಲ್ಲಮ್ಮ."

* * *

ಗಾಡಿಯ ಮೆಟ್ಟಿಲು ಎತ್ತರವಾಗಿತ್ತು. ಮುದುಕನಿಗೆ ಹತ್ತಲಾಗಲಿಲ್ಲ, ಅವನು ಬೀದಿಯಲ್ಲೇ ಉಳಿದ. ಶವಪೆಟ್ಟಿಗೆಯ ಒಂದು ಕಡೆ ಮಗಳು, ಚಿಕ್ಕಮ್ಮ. ಎದುರಿಗೆ ಮೇಷ್ಟ್ರು ಮತ್ತು ಅವರ ಹೆಂಡತಿ.

ಬೀದಿ ದಾಟಿದ ಮೇಲೆ ಮಗಳು ಬಾಯಿ ತೆರೆದಳು. "ಮೇಷ್ಟ್ರೇ, ಆ ಜಿಪ್ಪು ಅಮ್ಮನ ತಪ್ಪಲ್ಲ." ಒಂದನ್ನೂ ಬಿಡದೆ ಹೇಳಿದಳು: ಕಾವು, ಕಿರುಚಾಟ, ಬ್ಲೇಡು. ಚಿಕ್ಕಮ್ಮ ಕಣ್ಣೊರೆಸಿಕೊಂಡಳು. ಮೇಷ್ಟ್ರು ಕನ್ನಡಕ ತೆಗೆದು ತಲೆತಗ್ಗಿಸಿದರು.

"ಅಂದ್ರೆ..." ಎಂದರು ಮೇಷ್ಟ್ರು ಕೊನೆಗೆ, ನಿಜವಾಗಿಯೂ ಮರುಗಿದ ದನಿಯಲ್ಲಿ. "ಅಷ್ಟು ದೂರದ ಗ್ರಹದಿಂದ ಬಂದೋನು ಮೂರು ಮೆಟ್ಟಿಲಿಗೆ ಹೆದರಿದ್ನಾ?"

ಅವರ ಹೆಂಡತಿ ಗಂಡನ ತೊಡೆಗೆ ಚಿವುಟಿದಳು. ಚಿವುಟಿದವಳ ಭುಜವೇ ಕುಲುಕಿತು. ಚಿಕ್ಕಮ್ಮ ಒದ್ದೆ ಕರವಸ್ತ್ರವನ್ನು ಬಾಯಿಗೆ ಒತ್ತಿಕೊಂಡಳು. ಮೂಗಿನಿಂದ ಸದ್ದು ತಪ್ಪಿಸಿಕೊಂಡಿತು.

"ಕ್ಷಮಿಸಮ್ಮ," ಎಂದರು ಮೇಷ್ಟ್ರು, ಕಣ್ಣಲ್ಲಿ ನೀರು, ಗಂಟಲಲ್ಲಿ ನಗು. "ಬೇಕು ಅಂತ ಅಲ್ಲ."

ಬೈಯಬೇಕು, ಗಾಡಿ ನಿಲ್ಲಿಸಿ ಎಲ್ಲರನ್ನೂ ಇಳಿಸಬೇಕು ಎಂದುಕೊಂಡಳು ಮಗಳು. ಹೊಟ್ಟೆಯಿಂದ ಏನೋ ಎದ್ದು ಬಂತು. ಅಳುವೇ ಇರಬೇಕೆಂದು ತಡೆಯಲಿಲ್ಲ. ಎದುರಿನ ಕಿಟಕಿಯ ಕಪ್ಪು ಗಾಜಿನಲ್ಲಿ ಪೆಟ್ಟಿಗೆಯ ಮೇಲೆ ಕೈಯಿಟ್ಟುಕೊಂಡ ಒಬ್ಬ ಹೆಂಗಸು ಕಾಣುತ್ತಿದ್ದಳು. ಅವಳು ಹಲ್ಲೆಲ್ಲ ಬಿಟ್ಟು ನಗುತ್ತಿದ್ದಳು.