ಅಂಗಡಿಯ ನಾಲಿಗೆ

ಕುತ್ತಿಗೆಗೆ ಹಚ್ಚಿದ ಜೆಲ್ ತಣ್ಣಗಿತ್ತು. ಬನ್ನುವಿನ ಕೈಕಾಲು ಅದಕ್ಕಿಂತ ತಣ್ಣಗಾಗಿದ್ದವು.

ಬೇಕರಿಯವನ ಮಗನನ್ನು ಬೀದಿಯೆಲ್ಲ ಬನ್ನು ಎಂದೇ ಕರೆಯುತ್ತಿತ್ತು. ವಯಸ್ಸು ಇಪ್ಪತ್ತಾರು. ಅಪ್ಪ ಹೃದಯಾಘಾತದಿಂದ ಉಳಿದು ಬಂದ ಮೇಲೆ, ಮಗನೂ ಒಮ್ಮೆ ತೋರಿಸಿಕೊಳ್ಳಲಿ ಎಂದು ಡಾಕ್ಟರಮ್ಮ ಕರೆಸಿದ್ದರು. ಈಗ ಅವನ ಕತ್ತಿನ ಮೇಲೆ ಸ್ಕ್ಯಾನಿಂಗ್ ಸಲಕರಣೆ ಜಾರಿಸುತ್ತ ಪರದೆ ನೋಡುತ್ತಿದ್ದರು.

“ಏನಾದ್ರೂ ಹೇಳಿ ಮೇಡಂ. ಸಾಯ್ತೀನಾ?”

“ಇವತ್ತಲ್ಲಪ್ಪ. ರಕ್ತನಾಳ ಕಟ್ಟಿಕೊಂಡಿಲ್ಲ. ಆದ್ರೆ ಅದರ ಗೋಡೆ ನಿನ್ನ ವಯಸ್ಸಿಗೆ ದಪ್ಪ ಆಗಿದೆ. ಚಿಕ್ಕೋನಿದ್ದಾಗ ತೂಕ ಜಾಸ್ತಿ ಇತ್ತಾ? ಬಿಪಿ?”

‘ಇವತ್ತಲ್ಲ’ ಎಂಬುದೇ ಕಿವಿಯಲ್ಲಿ ಕೂತುಬಿಟ್ಟಿತು.

ತೂಕ ಇತ್ತು. ಬಿಪಿಯೂ ಇತ್ತು. ಶಾಲೆಗೆ ತಪಾಸಣೆಗೆ ಬಂದ ನರ್ಸು ಅಳೆದು, ಮತ್ತೆ ಅಳೆದು, ಅಪ್ಪನನ್ನು ಕರೆಸಿ ಹೇಳಿದ್ದಳು. ಅಪ್ಪ ಹೊಟ್ಟೆ ಕುಲುಕಿಸಿ ನಕ್ಕಿದ್ದ: “ಇವನಿಗ್ಯಾತರ ಬಿಪಿ? ಹೆಂಡ್ತಿ ಕಾಟವಾ, ಅತ್ತೆ ಕಾಟವಾ?” ಮನೆಮಂದಿಯೆಲ್ಲ ವರ್ಷಗಟ್ಟಲೆ ಅದನ್ನೇ ಹೇಳಿಕೊಂಡು ನಕ್ಕರು. ಬನ್ನುವೂ ನಕ್ಕ.

ನಗದೆ ಏನು? ಅವನೇ ಅಂಗಡಿಯ ನಾಲಿಗೆ. ಅಪ್ಪನಿಗೆ ಸಕ್ಕರೆ ಕಾಯಿಲೆ, ಅಜ್ಜನಿಗೆ ಉಪ್ಪು ಆಗದು. ದೊಡ್ಡವರು ಬಾಯಿಗಿಡುವಂತಿಲ್ಲ, ಮಗುವಿಗೇನು, ಕಲ್ಲು ತಿಂದು ಕರಗಿಸುವ ವಯಸ್ಸು! ಭಟ್ಟಿಯಿಂದ ಇಳಿದ ಮೊದಲ ಟ್ರೇಯ ಬೆಣ್ಣೆ ಬಿಸ್ಕತ್ತು, ಉಪ್ಪು ಬಿಸ್ಕತ್ತು, ಕ್ರೀಮಿನ ಪಾತ್ರೆಯ ತಳ ಎಲ್ಲವೂ ಅವನ ಬಾಯಿಗೆ. ಅವನು ತಲೆಯಾಡಿಸದೆ ಮಾಲು ಗಾಜಿನ ಕಪಾಟಿಗೆ ಹೋಗುತ್ತಿರಲಿಲ್ಲ. ಎಂಥ ಮರ್ಯಾದೆ! ತಮಗೆ ವಿಷವೆಂದು ಗೊತ್ತಿದ್ದದ್ದನ್ನೇ ಮುದ್ದು ಮಾಡಿ ತಿನ್ನಿಸಿದ್ದರು.

“ಈಗೇನೂ ಮಾಡೋಕಾಗಲ್ವಾ?”

“ಆಗುತ್ತೆ. ತೂಕ, ಬಿಪಿ, ಕೊಬ್ಬು ಹಿಡಿತಕ್ಕೆ ತಂದ್ರೆ ಇದು ಬೆಳೆಯೋದು ನಿಧಾನ ಆಗುತ್ತೆ. ಚಿಕ್ಕಂದಿನಲ್ಲೇ ನೋಡ್ಕೊಂಡಿದ್ರೆ ಇನ್ನೂ ಸುಲಭ ಇತ್ತು.”

ಬೀದಿಗಿಳಿದವನು ಹೆಜ್ಜೆಹೆಜ್ಜೆಗೂ ಕತ್ತು ಮುಟ್ಟಿ ನೋಡಿಕೊಂಡ. ಮೂಲೆ ತಿರುಗುವಾಗ ಅಕ್ಕನ ಮಗಳು ಪುಟ್ಟಿ ನೆನಪಾದಳು. ಈಗ ಅಂಗಡಿಯ ನಾಲಿಗೆ ಅವಳು! ಓಡಿದ. ಓಡಿದರೆ ಇಲ್ಲೇ ಬೀಳುತ್ತೇನೋ ಎಂದು ಹೆದರಿ ನಿಂತ. ಮತ್ತೆ ಓಡಿದ.

ಪುಟ್ಟಿ ಮೈದಾ ಮೂಟೆಯ ಮೇಲೆ ಕೂತು ಹಕ್ಕಿಮರಿಯಂತೆ ಬಾಯಿ ತೆರೆದಿದ್ದಳು. ಅಪ್ಪ ಬಿಸಿ ಬಿಸ್ಕತ್ತನ್ನು ಊದುತ್ತಿದ್ದ.

“ಅಪ್ಪಾ, ಕೊಡ್ಬೇಡ!”

“ಯಾಕೋ ಕಿರುಚ್ತೀಯ? ಮತ್ಯಾರು ರುಚಿ ನೋಡ್ಬೇಕು, ನಿಮ್ಮ ಡಾಕ್ಟರಮ್ಮ ಬರ್ತಾರಾ?”

ದಾರಿಯುದ್ದಕ್ಕೂ ಮಸೆದಿಟ್ಟುಕೊಂಡಿದ್ದ ಬೈಗುಳ ಒಂದೂ ಬಾಯಿಗೆ ಬರಲಿಲ್ಲ. ಅಪ್ಪನ ಕೈ ಹಿಡಿದು, ಜೆಲ್ ಒಣಗಿ ಅಂಟಂಟಾಗಿದ್ದ ತನ್ನ ಕತ್ತಿಗೆ ಒತ್ತಿದ.

“ಇಲ್ಲಿ ಒಳಗೆ ದಪ್ಪ ಆಗಿದೆಯಂತೆ. ಶುರುವಾಗಿದ್ದು ಇದೇ ಮೂಟೆ ಮೇಲೆ ಕೂತಾಗ.”

ಅಪ್ಪ ನಗಲಿಲ್ಲ. ಇನ್ನೊಂದು ಕೈಯಲ್ಲಿದ್ದ ಬಿಸ್ಕತ್ತನ್ನು ಟ್ರೇಗೆ ವಾಪಸ್ ಇಟ್ಟ.

“ಮಾಮ, ಉಪ್ಪು ಸರಿಯಿದೆಯಾ ಹೇಳ್ಲಾ?” ಎಂದಳು ಪುಟ್ಟಿ.

ಬನ್ನು ಅವಳನ್ನು ಎತ್ತಿಕೊಂಡ. ಅವಳ ಪುಟ್ಟ ಕತ್ತಿನ ಬಡಿತ ಅವನ ಕೆನ್ನೆಗೆ ತಾಗಿತು. “ಬೇಡ ಕಣೇ. ಮೊದ್ಲು ನಿನ್ನ ಬಿಪಿ ನೋಡಿಸೋಣ.”

ಹೊಸಿಲು ದಾಟುವಾಗ ಹಿಂದಿನಿಂದ ಅಪ್ಪನ ಸಣ್ಣ ದನಿ ಬಂತು: “ತಡಿಯೋ, ನಾನೂ ಬರ್ತೀನಿ.”

ಟ್ರೇಯ ಬಿಸ್ಕತ್ತು ಯಾರ ಬಾಯಿಗೂ ಬೀಳದೆ ಆರುತ್ತಿತ್ತು.