ನಲವತ್ತೆಂಟು ಕಿಲೋ

ನಾನು ಸಿಡುಕಿ ಅಂತ ನಮ್ಮ ವಾಯುನೆಲೆಯಲ್ಲಿ ಎಲ್ಲರೂ ಹೇಳುತ್ತಾರೆ. ಹೇಳಲಿ ಬಿಡಿ. ಜೆಟ್ ವಿಮಾನಕ್ಕೆ ಸೀಟು ಜೋಡಿಸುವವಳು ಹಲ್ಲು ಕಿರಿಯುತ್ತಾ ಒಂದು ಸ್ಕ್ರೂ ಮರೆತರೆ ಯಾರ ಗತಿ ಏನು? ನಮ್ಮ ಜೆಟ್ ಚಿಕ್ಕದು, ಎರಡೇ ಸೀಟಿನದು. ಹೊಸಬರಿಗೆ ಪಾಠ ಕಲಿಸುವುದೂ ಅದೇ, ಹೊತ್ತು ಬಂದರೆ ರೆಕ್ಕೆಯಡಿ ಬಾಂಬು ಕಟ್ಟಿಕೊಂಡು ಹೊರಡುವುದೂ ಅದೇ. ವಿಮಾನ ಕೈಕೊಟ್ಟರೆ ಪೈಲಟ್ ಹಿಡಿಕೆ ಎಳೆಯಬೇಕು, ಸೀಟಿನಡಿಯ ರಾಕೆಟ್ ಅವರನ್ನು ಸೀಟಿನ ಸಮೇತ ಹೊರಗೆಸೆಯುತ್ತದೆ. ಅದಕ್ಕೇ ನನಗೆ ಸೀಟಮ್ಮ ಅಂತ ಹೆಸರು.

ರಾಕೆಟ್ಟಿಗೂ ಒಂದು ಲೆಕ್ಕವಿದೆ. ಕೂತವರು ನಲವತ್ತೆಂಟು ಕಿಲೋಗಿಂತ ಹಗುರವಿದ್ದರೆ ಅದು ಒದೆಯುವ ರಭಸಕ್ಕೆ ಕತ್ತು ಉಳಿಯುವುದಿಲ್ಲ. ತೊಂಬತ್ತೈದು ದಾಟಿದರೆ ಸೀಟು ಬೇಕಾದಷ್ಟು ಮೇಲೇಳುವುದಿಲ್ಲ. ತಿಂಗಳಿಗೊಮ್ಮೆ ಎಲ್ಲರನ್ನೂ ತೂಗಿ ಬರೆಯುವವಳು ನಾನೇ.

ಈಗ ನನ್ನ ಕಷ್ಟ ಕೇಳಿ. ಅಕ್ಕನ ಮಗಳು ಗುಬ್ಬಿ, ಹೆಸರಿಗೆ ತಕ್ಕ ಹುಡುಗಿ, ಪೈಲಟ್ ತರಬೇತಿಗೆ ಬಂದಳು. ಪುಸ್ತಕದ ಪಾಠದಲ್ಲೆಲ್ಲ ಮೊದಲನೆಯವಳು. ತೂಗಿದರೆ ನಲವತ್ತಾರು! ಅವಳ ಮೇಷ್ಟ್ರು, ಎಲ್ಲರ ಬಾಯಲ್ಲಿ ಮೀಸೆ ಸಾಹೇಬರು, ಒಂದೇ ಮಾತು ಹೇಳಿದರು.

"ಒಂದು ತಿಂಗಳು ಟೈಮು. ನಲವತ್ತೆಂಟು ಆಗ್ಲಿಲ್ಲ ಅಂದ್ರೆ ಜೆಟ್ ಮರ್ತುಬಿಡು. ಸರಕು ವಿಮಾನಕ್ಕೆ ಕಳಿಸ್ತೀನಿ."

ಆರು ವರ್ಷದವಳಿದ್ದಾಗಿನಿಂದ ಈ ಜೆಟ್ಟನ್ನೇ ಬಾಯಿ ಬಿಟ್ಟು ನೋಡಿದವಳು ಅವಳು. ಅಂದಿನಿಂದ ನಮ್ಮ ಮನೆ ಮನೆಯಾಗಿ ಉಳಿಯಲಿಲ್ಲ. ನನ್ನ ಅಕ್ಕನೂ ವಾಯುನೆಲೆಯಲ್ಲೇ, ನನ್ನ ಪಕ್ಕದ ಕೋಣೆಯಲ್ಲಿ ಪ್ಯಾರಾಚೂಟ್ ಹೊಲಿಯುವವಳು. ಹೊಲಿಗೆ ಯಂತ್ರದ ಮೇಲೂ ಬೇಯಿಸಿದ ಮೊಟ್ಟೆ, ಬಾಳೆಹಣ್ಣು, ಬೆಣ್ಣೆ ಹಚ್ಚಿದ ಬ್ರೆಡ್ಡು! ಗುಬ್ಬಿ ತಟ್ಟೆ ಕಂಡರೆ ಓಕರಿಸುತ್ತಿದ್ದಳು.

"ಚಿಕ್ಕಮ್ಮಾ, ಕುತ್ತಿಗೆ ತನಕ ಆಗಿದೆ, ಇನ್ನೊಂದು ತುತ್ತು ಇಳಿಯಲ್ಲ!"

"ಬಾಯಿ ಮುಚ್ಕೊಂಡು ತಿನ್ನೇ. ಅಲ್ಲ, ಬಾಯಿ ತೆಗ್ದು ತಿನ್ನು!"

ಅವಳು ಬಿಟ್ಟಿದ್ದನ್ನು ನಾನು ಮುಗಿಸುತ್ತಿದ್ದೆ. ಅನ್ನ ಚೆಲ್ಲುವ ಜಾತಿಯವಳಲ್ಲ ನಾನು.

ತಿಂಗಳು ತುಂಬಿತು. ಬೆಳಿಗ್ಗೆ ಒಂಬತ್ತಕ್ಕೆ ಗುಬ್ಬಿ ಉಸಿರು ಬಿಗಿಹಿಡಿದು ತೂಕದ ಯಂತ್ರ ಹತ್ತಿದಳು. ನಲವತ್ತಾರು ಕಾಲು.

ಗುಬ್ಬಿ ಇಳಿದು ಶೂಗಳನ್ನು ಕೈಯಲ್ಲಿ ಹಿಡಿದು ಹಾಗೇ ನಿಂತಳು. ಅಕ್ಕ ನನ್ನ ತೋಳು ಹಿಡಿದು ಗೋಗರೆದಳು.

"ಎರಡು ಕಿಲೋ ಜಾಸ್ತಿ ಬರಿಯೇ. ಯಾರಿಗೆ ಗೊತ್ತಾಗುತ್ತೆ?"

"ಅವಳ ಕತ್ತಿಗೆ ಗೊತ್ತಾಗುತ್ತೆ ಕಣಕ್ಕಾ!" ಎಂದು ಗದರಿದೆ. ಕೆಳಗಿನ ಗೂಡಿನಿಂದ ತೂಕದ ಪುಸ್ತಕ ತೆಗೆಯಲು ಬಗ್ಗಿದೆ. ಚರ್ರ್ ಅಂತ ನನ್ನ ಪ್ಯಾಂಟು ಹಿಂದಿನಿಂದ ಹರಿಯಿತು.

ಅಕ್ಕ ಗೋಗರೆಯುವುದನ್ನು ತಟ್ಟನೆ ನಿಲ್ಲಿಸಿದಳು. "ಮತ್ತೆ ಹರ್ಕೊಂಡ್ಯಾ? ಈ ತಿಂಗಳಲ್ಲಿ ಎರಡು ಸಲ ಬಿಚ್ಚಿ ಅಗಲ ಮಾಡಿ ಕೊಟ್ಟಿದ್ದೀನಿ. ತಿಂದಿದ್ದು ಅವಳೋ ನೀನೋ?"

ನಾನು ತೂಕದ ಯಂತ್ರದ ಕಡೆ ತಿರುಗಿದೆ.

ನಿಜ ಹೇಳಿಬಿಡುತ್ತೇನೆ. ದಿನಾ ಬೆಳಿಗ್ಗೆ ಇಪ್ಪತ್ತು ಕಿಲೋದ ತೂಕದ ಕಲ್ಲಿಟ್ಟು ಯಂತ್ರ ಸರಿಯಿದೆಯೇ ನೋಡಬೇಕು ಎಂಬುದು ನಿಯಮ. ಆ ಕಲ್ಲೆತ್ತಿ ಯಾರು ಸೊಂಟ ಮುರಿದುಕೊಳ್ಳುತ್ತಾರೆ? ನಾನೇ ಹತ್ತಿ ನಿಲ್ಲುತ್ತಿದ್ದೆ. ಇಪ್ಪತ್ತು ವರ್ಷದಿಂದ ನಾನು ಅರವತ್ತೊಂದು, ಗ್ರಾಂ ಹೆಚ್ಚಿಲ್ಲ, ಕಡಿಮೆಯಿಲ್ಲ ಎಂಬ ಜಂಬ. ಈ ತಿಂಗಳು ಮುಳ್ಳು ಮುಂದೆ ಹೋದಾಗಲೆಲ್ಲ "ಹಾಳು ಯಂತ್ರ" ಎಂದು ಬೈದು, ತಿರುಪು ತಿರುಗಿಸಿ, ಅರವತ್ತೊಂದಕ್ಕೇ ತಂದು ನಿಲ್ಲಿಸಿದ್ದೆ.

ಹರಿದ ಪ್ಯಾಂಟಿನಲ್ಲೇ ಓಡಿ ಕಲ್ಲು ಹೊತ್ತು ತಂದು ಇಟ್ಟೆ. ಹದಿನೇಳೂವರೆ ತೋರಿಸಿತು! ತಿರುಪು ಸರಿಮಾಡಿದೆ. ಮುಳ್ಳು ಇಪ್ಪತ್ತಕ್ಕೆ ಬಂತು.

"ಹತ್ತೇ ಗುಬ್ಬಿ!"

ನಲವತ್ತೆಂಟು ಮುಕ್ಕಾಲು. ಅಕ್ಕ ಕಿರುಚಿದ ಸದ್ದಿಗೆ ಮೀಸೆ ಸಾಹೇಬರು ಓಡಿ ಬಂದರು. ನಾನು ಮಾಡಿದ ಘನಕಾರ್ಯವನ್ನೆಲ್ಲ ಒಂದೇ ಉಸಿರಿಗೆ ಒಪ್ಪಿಸಿ, "ಎಲ್ಲರನ್ನೂ ಮತ್ತೆ ತೂಗ್ಬೇಕು ಸಾರ್. ಮೊದ್ಲು ನೀವೇ ಹತ್ತಿ" ಎಂದೆ.

ಅವರ ಮುಖ ಸಪ್ಪಗಾಯಿತು. "ನಾನು ನಿನ್ನೆ ತಾನೆ ತೂಗಿಸ್ಕೊಂಡೆನಲ್ರೀ. ತೊಂಬತ್ನಾಕು."

"ಹತ್ತಿ ಸಾರ್."

ತೊಂಬತ್ತಾರೂವರೆ.

"ಈ ತೂಕ ನಾಳೆಯಿಂದ ಲೆಕ್ಕಕ್ಕೆ ತಗೊಳ್ಳಿ ಸೀಟಮ್ಮ" ಎಂದು ಮೆಲ್ಲಗೆ ಅಂದರು. ನಾನು ಅವರ ಮುಂದೆಯೇ ಬರೆದು ಕೆಂಪು ಗೆರೆ ಎಳೆದೆ. ನನ್ನ ತಪ್ಪನ್ನೂ ಬರೆದೆ, ನನ್ನ ಅರವತ್ಮೂರೂವರೆಯನ್ನೂ ಬರೆದೆ. ಕೈ ಬರಲೇ ಇಲ್ಲ, ಆದರೂ ಬರೆದೆ.

ತೂಕ ಇಳಿಯುವ ತನಕ ಮೀಸೆ ಸಾಹೇಬರು ಹಾರುವಂತಿಲ್ಲ, ಹಾಗಾಗಿ ಗುಬ್ಬಿಯನ್ನು ಬೇರೊಬ್ಬ ಮೇಡಂ ಕರೆದುಕೊಂಡು ಹಾರಿದರು. ಜೆಟ್ ಓಡಿ ನೆಲ ಬಿಟ್ಟ ಕ್ಷಣ ನಾನು, ಸಿಡುಕಿ ಸೀಟಮ್ಮ, ಸೊಂಟಕ್ಕೆ ಅಕ್ಕನ ಶಾಲು ಸುತ್ತಿಕೊಂಡು ಕುಣಿದೆ! ಮೀಸೆ ಸಾಹೇಬರೂ ಹೊಟ್ಟೆ ಕುಲುಕಿಸಿ ನಕ್ಕರು. ಮೇಲೆ ಅದು ಒಂದು ಸಲ ಮಗುಚಿ, ಹೊಳೆದು, ಮೋಡದಲ್ಲಿ ಮಾಯವಾಯಿತು. ನನಗೆ ಅಳು, ನಗು ಎರಡೂ ಒಟ್ಟಿಗೇ ಬಂದವು.

ಮುಕ್ಕಾಲು ಗಂಟೆ ಕಳೆದ ಮೇಲೆ ಗುಬ್ಬಿ ಇಳಿದಳು. ಮುಖ ಹಸಿರಾಗಿತ್ತು, ಕೈಯಲ್ಲಿ ವಾಂತಿಯ ಚೀಲ ತುಂಬಿತ್ತು.

"ಅಯ್ಯೋ, ಎಲ್ಲಾ ಹೋಯ್ತೇನೇ?" ಅಕ್ಕ ಬಾಯಿ ಬಡಿದುಕೊಂಡಳು.

"ಎಲ್ಲಾ ಹೋಯ್ತಮ್ಮಾ!" ಗುಬ್ಬಿ ಏಣಿಯಿಂದ ಜಿಗಿದು ನನ್ನ ಕೊರಳಿಗೆ ಜೋತುಬಿದ್ದಳು. "ಮಧ್ಯಾಹ್ನ ಮತ್ತೆ ಹೋಗ್ಬೇಕಂತೆ. ಚಿಕ್ಕಮ್ಮಾ, ಹೊಟ್ಟೆ ಹಸೀತಿದೆ, ತಿನ್ನಕ್ಕೆ ಏನಿದೆ?"